ಮುರಿಯದ ಕಂಬಿಯ ಲೆಕ್ಕ

ಕಾಲೇಜಿನಲ್ಲಿ ಅವಳಿಗೆ ಕೆಂಡ ಎಂದು ಹೆಸರು. ಕೆಂಡ ಮೇಡಂ ಎಂದು ಪೂರ್ತಿ ಹೇಳುವಷ್ಟು ಪುರಸೊತ್ತು ಹುಡುಗರಿಗೆ ಸಿಗುತ್ತಿರಲಿಲ್ಲ. ಕಾರಿಡಾರಿನ ತುದಿಯಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿದ್ದೇ ತಡ, "ಕೆಂಡ, ಕೆಂಡ" ಎಂದು ಪಿಸುಗುಟ್ಟುತ್ತ ಮೊಬೈಲುಗಳನ್ನು ಚೀಲಕ್ಕೆ ತುರುಕಿ ನೆಟ್ಟಗೆ ಕೂರುತ್ತಿದ್ದರು. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಮನೆಯಲ್ಲಿ ಹೇಳಿದಾಗ ಗಂಡ ನಕ್ಕ. ಅತ್ತೆ ಮಾತ್ರ ಕನ್ನಡಕ ಒರೆಸುತ್ತ, "ಹೆಸರಿಟ್ಟೋರು ಜಾಣರಮ್ಮ, ಮುಟ್ಟಿ ನೋಡಿಯೇ ಇಟ್ಟಿದ್ದಾರೆ" ಎಂದರು.

ಸಿಟ್ಟು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಪಾಠ ಹೇಳಲು ಶುರು ಮಾಡಿದ ಮೇಲೆ ಬಂದದ್ದು. ಅವಳು ಕಲಿಸುತ್ತಿದ್ದ ವಿಷಯ ಪದಾರ್ಥಗಳ ಬಲ. ತೊಲೆ ಎಷ್ಟು ಭಾರಕ್ಕೆ ಬಾಗುತ್ತದೆ, ಕಂಬ ಯಾವಾಗ ಸೊಂಟ ಬಿಡುತ್ತದೆ, ಕಬ್ಬಿಣದ ಕಂಬಿಯನ್ನು ಎಷ್ಟು ಎಳೆದರೆ ಅದು ಮೊದಲು ಮಣಿದು ಆಮೇಲೆ ಹರಿಯುತ್ತದೆ, ಇಂಥವು. ಚಿಕ್ಕಂದಿನಲ್ಲಿ ಶಾಲೆಯ ಬೆಂಚಿನ ಅಂಚಿನಿಂದ ಮರದ ಅಡಿಪಟ್ಟಿಯನ್ನು ಹೊರಗೆ ಚಾಚಿ ಬೆರಳಿನಿಂದ ಒತ್ತುವಾಗಲೇ ಅವಳಿಗೆ ಇದರ ರುಚಿ ಹತ್ತಿತ್ತು. ಚಪ್ಪಟೆ ಇಟ್ಟರೆ ಬಾಗಿ ಕುಣಿಯುವ ಪಟ್ಟಿ, ಅಂಚಿನ ಮೇಲೆ ನಿಲ್ಲಿಸಿದರೆ ಜಪ್ಪಯ್ಯ ಅಂದರೂ ಬಾಗುತ್ತಿರಲಿಲ್ಲ. ಅದೇ ಮರ, ಅದೇ ತೂಕ, ಇಟ್ಟ ರೀತಿ ಮಾತ್ರ ಬೇರೆ. ಯಾಕೆ ಹೀಗೆ ಎಂಬ ಆ ಪ್ರಶ್ನೆಯ ಬಾಲ ಹಿಡಿದುಕೊಂಡೇ ಅವಳು ಇಂಜಿನಿಯರಿಂಗ್ ಓದಿದಳು, ಮೇಷ್ಟರ ಕೆಲಸಕ್ಕೂ ಸೇರಿದಳು.

ಸೇರಿದ ಮೇಲೆ ನೋಡಿದರೆ ಅಲ್ಲಿ ಯಾಕೆ ಎನ್ನುವವರೇ ಇಲ್ಲ. ವಿಭಾಗದ ಮುಖ್ಯಸ್ಥರು ತರಗತಿಗೆ ಬಂದವರೇ ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಸೂತ್ರಗಳನ್ನು ಬರೆದು, "ಇಷ್ಟು ಬಾಯಿಪಾಠ ಮಾಡಿ, ಫೇಲಾದರೆ ನನ್ನನ್ನ ಕೇಳಿ" ಎಂದು ಕೈ ಕೊಡವಿ ಹೋಗುತ್ತಿದ್ದರು. ಹುಡುಗರು ಅವರಿಗೆ ಸೂತ್ರಧಾರಿ ಎಂದು ಹೆಸರಿಟ್ಟಿದ್ದರು. ಮನುಷ್ಯ ಕೆಟ್ಟವರಲ್ಲ. ಯಾರನ್ನೂ ಗದರಿದವರಲ್ಲ, ಜ್ವರ ಬಂದ ಹುಡುಗರನ್ನು ತಮ್ಮ ಸ್ಕೂಟರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವರು. ಅವಳ ಸಿಟ್ಟಿಗೆ ಅದೂ ಒಂದು ಕಾರಣ. ಕೆಟ್ಟವರಾಗಿದ್ದರೆ ಬಾಯಿ ತುಂಬ ಬೈದು ಹಗುರಾಗಬಹುದಿತ್ತು.

ಪ್ರಯೋಗಾಲಯದಲ್ಲಿ ಕಂಬಿ ಎಳೆಯುವ ಯಂತ್ರವೊಂದಿತ್ತು. ಆಳೆತ್ತರಕ್ಕಿಂತ ಎತ್ತರ, ಬಾಗಿಲಿನಷ್ಟು ಅಗಲ. ಕಂಬಿಯ ಎರಡು ತುದಿಗಳನ್ನು ಕಚ್ಚಿ ಹಿಡಿದು ಅದು ಹರಿಯುವ ತನಕ ಎಳೆಯುವುದೇ ಅದರ ಕೆಲಸ. ಆದರೆ ಅದಕ್ಕೆ ನೀಲಿ ಪ್ಲಾಸ್ಟಿಕ್ ಹೊದಿಸಿ, ಸರಪಳಿ ಸುತ್ತಿ, ಬೀಗ ಜಡಿದಿದ್ದರು. ಹೊರಗಿನಿಂದ ತಪಾಸಣೆಯ ತಂಡ ಬಂದಾಗ ಪ್ಲಾಸ್ಟಿಕ್ ತೆಗೆದು ಒರೆಸಿ ನಿಲ್ಲಿಸುವುದು, ತಂಡ ಹೋದ ಮೇಲೆ ಮತ್ತೆ ಹೊದಿಸುವುದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ. ಹುಡುಗರು ಪ್ರಯೋಗದ ಪುಸ್ತಕಕ್ಕೆ ಹಿಂದಿನ ವರ್ಷದವರ ಅಂಕಿಗಳನ್ನು ಇಳಿಸುತ್ತಿದ್ದರು. ಹಿಂದಿನವರು ಅವರ ಹಿಂದಿನವರದ್ದನ್ನು.

ಆ ವರ್ಷ ಮೌಖಿಕ ಪರೀಕ್ಷೆಗೆ ಅವಳನ್ನು ಹಾಕಿದರು. ಮೊದಲು ಬಂದವನು ಏಣಿ. ಉದ್ದಕ್ಕೆ ಬೆಳೆದಿದ್ದರಿಂದ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವನ ಪುಸ್ತಕದ ಮೇಲೆ ಕೈಯಿಟ್ಟು, ಅದನ್ನು ತೆರೆಯದೆಯೇ ಅವಳು ಕೇಳಿದಳು:

"ಕಂಬಿ ಮುರಿದಾಗ ಸದ್ದು ಹೇಗಿತ್ತು?"

ಏಣಿ ಚಾವಣಿ ನೋಡಿದ. ಆಮೇಲೆ ಗೆಳೆಯರ ಕಡೆ ನೋಡಿದ. "ಟಕ್ ಅಂತ, ಮೇಡಂ."

"ಟಕ್ ಅಂತಲಾ?"

"ಸ್ವಲ್ಪ ಜೋರಾಗಿ ಟಕ್ ಅಂತ."

ಹಿಂದೆ ಸಾಲಿನಲ್ಲಿ ನಿಂತವರು ಕಿಸಕ್ಕನೆ ನಕ್ಕರು. ಅವಳಿಗೆ ಸಿಟ್ಟು ನೆತ್ತಿಗೇರಿತು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದನ್ನ ಕೇಳಿದ್ದೆ. ಕಂಬಿ ಮುರಿಯೋ ಮುಂಚೆ ಲೆಕ್ಕ ಬರೆಯೋದನ್ನ ಇವತ್ತು ನೋಡ್ತಾ ಇದ್ದೀನಿ! ನಾಳೆ ನೀವು ಕಟ್ಟಿದ ಮನೇಲಿ ಜನ ಮಲಗ್ತಾರೆ ಕಣ್ರೋ. ಮಕ್ಕಳು ಮಲಗ್ತಾರೆ. ಅವರ ನೆತ್ತಿ ಮೇಲಿರೋದನ್ನ ಯಾವ ಅಣ್ಣನ ಪುಸ್ತಕ ನೋಡಿ ಎತ್ತಿ ನಿಲ್ಲಿಸ್ತೀರಿ?"

ಎಲ್ಲರಿಗೂ ಸೊನ್ನೆ ಹಾಕಿದಳು.

ಸಂಜೆಯೊಳಗೆ ಸೂತ್ರಧಾರಿಯಿಂದ ಕರೆ ಬಂತು. ಅವರು ಸಮಾಧಾನದಿಂದಲೇ ಹೇಳಿದರು: "ನೋಡಮ್ಮ, ಸೊನ್ನೆ ತೆಗೆದುಬಿಡು. ಮಕ್ಕಳ ಭವಿಷ್ಯ."

"ಹಾಗಾದ್ರೆ ಬೀಗದ ಕೈ ಕೊಡಿ ಸಾರ್. ಪ್ರಯೋಗ ಮಾಡಿಸ್ತೀನಿ, ಅಂಕ ಕೊಡ್ತೀನಿ."

"ಯಂತ್ರ ಕೆಟ್ಟರೆ ಯಾರು ಹೊಣೆ?"

"ನಡೆಸದೇ ಇಟ್ಟ ಯಂತ್ರ ಕೆಟ್ಟಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಅವರು ಮೇಜಿನ ಖಾನೆಗಳನ್ನು ಎಳೆದು ನೋಡಿದರು. ಬೀಗದ ಕೈ ಇರಲಿಲ್ಲ. ಎಲ್ಲೋ ಇಟ್ಟಿದ್ದೇನೆ, ಹುಡುಕಿಸುತ್ತೇನೆ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ಅವಳು ಒಂದು ವಾರ ಕಾದಳು. ಎಂಟನೆಯ ದಿನ ವರ್ಕ್‌ಶಾಪಿನಿಂದ ಉದ್ದ ಹಿಡಿಯ ಕಟ್ಟರ್ ತರಿಸಿ, ತರಗತಿಯನ್ನೆಲ್ಲ ಯಂತ್ರದ ಸುತ್ತ ನಿಲ್ಲಿಸಿ, ಏಣಿಯ ಕೈಗೆ ಕೊಟ್ಟಳು. "ಕತ್ತರಿ ಬಲ ಅಂದ್ರೇನು ಅಂತ ಕ್ಲಾಸಲ್ಲಿ ಕೇಳಿದ್ದೆಯಲ್ಲ? ಸರಪಳಿ ಮೇಲೆ ಇಟ್ಟು ಒತ್ತು."

ಸರಪಳಿ ಕಳಚಿ ನೆಲಕ್ಕೆ ಬಿತ್ತು. ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳು. ಪ್ರಯೋಗಾಲಯದ ಸಹಾಯಕ ಮೂಲೆಯಲ್ಲಿ ನಿಂತು, "ನಾನು ನೋಡಿಲ್ಲ ಮೇಡಂ, ನಾನು ಊಟಕ್ಕೆ ಹೋಗಿದ್ದೆ" ಎಂದು ಈಗಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದ. ಯಂತ್ರದ ಎಣ್ಣೆ ಕಪ್ಪು ಗಸಿಯಾಗಿತ್ತು. ಅದನ್ನು ಚೆಲ್ಲಿ, ಹೊಸದನ್ನು ತುಂಬಿ, ತುಕ್ಕು ಹಿಡಿದ ಹಲ್ಲುಗಳನ್ನು ಉಜ್ಜಿ, ಓಡಿಸುವ ಹೊತ್ತಿಗೆ ಇನ್ನೊಂದು ವಾರ ಹೋಯಿತು. ಹುಡುಗರ ಅಂಗಿಗಳು ಎಣ್ಣೆಯಾದವು. ಬಿಡುವಿನ ಹೊತ್ತಿನಲ್ಲಿ ಕ್ಯಾಂಟೀನಿಗೆ ಓಡುತ್ತಿದ್ದವರು ಯಂತ್ರದ ಹತ್ತಿರ ಓಡತೊಡಗಿದರು.

ಎಳೆಯಲು ಕಂಬಿ ಬೇಕಲ್ಲ. ಕಾಲೇಜಿನ ಹಿಂದೆಯೇ ಹೊಸ ಹಾಸ್ಟೆಲ್ ಏಳುತ್ತಿತ್ತು. ಕೆಳಗೆ ಊಟದ ಹಾಲ್, ಮೇಲೆ ಹುಡುಗಿಯರ ಕೋಣೆಗಳು. ಅಲ್ಲಿ ಬಿದ್ದಿದ್ದ ತುಂಡುಗಳನ್ನು ಕೇಳಿಕೊಂಡು ಬರಲು ಏಣಿ ಹೋದ.

ಮೊದಲ ಕಂಬಿ ಎಳೆದ ದಿನವನ್ನು ಆ ತರಗತಿ ಮರೆಯುವಂತಿಲ್ಲ. ಭಾರ ತೋರಿಸುವ ಮುಳ್ಳು ಸರಸರನೆ ಏರಿತು. ಒಂದು ಕಡೆ ಬಂದು ನಿಂತಿತು, ತುಸು ತಡವರಿಸಿತು. "ನೋಡಿ, ಮಣೀತಾ ಇದೆ" ಎಂದಳು ಅವಳು. ಕಂಬಿಯ ಮೈಮೇಲಿನ ಕಪ್ಪು ಪೊರೆ ಚೂರುಚೂರಾಗಿ ಉದುರಿತು. ಮುಳ್ಳು ಮತ್ತೆ ಏರತೊಡಗಿತು, ಈಗ ನಿಧಾನವಾಗಿ. ಕಂಬಿ ಕಣ್ಣಿಗೆ ಕಾಣುವಂತೆ ಉದ್ದವಾಯಿತು. ಆಮೇಲೆ ಒಂದು ಜಾಗದಲ್ಲಿ, ಯಾರೋ ಹಿಂಡಿದಂತೆ, ಅದರ ಕುತ್ತಿಗೆ ಸಣ್ಣಗಾಯಿತು. ಢಂ ಎಂದು ಪಟಾಕಿಯಂಥ ಸದ್ದು. ಕಿಟಕಿಯ ಗಾಜು ಅದುರಿತು, ಮುಂದಿದ್ದವರು ಕಿರುಚಿದರು. ಏಣಿ ಎದೆ ಮೇಲೆ ಕೈಯಿಟ್ಟುಕೊಂಡು, "ಟಕ್ ಅಂತ ಅಲ್ಲ ಮೇಡಂ!" ಎಂದು ಕೂಗಿದ. ಹರಿದ ತುದಿಯನ್ನು ಮುಟ್ಟಿ ನೋಡಿದ ಹುಡುಗಿ "ಅಯ್ಯೋ, ಬಿಸಿ!" ಎಂದು ಕೈ ಹಿಂದೆಗೆದಳು. ತಾನು ಯಾವಾಗ ನಗಲು ಶುರು ಮಾಡಿದೆನೋ ಕೆಂಡ ಮೇಡಮ್ಮಿಗೇ ಗೊತ್ತಾಗಲಿಲ್ಲ.

"ಒಳ್ಳೆ ಉಕ್ಕಿನ ಗುಣ ಇದು" ಎಂದಳು. "ಸಾಯೋ ಮುಂಚೆ ಉದ್ದವಾಗುತ್ತೆ. ತೊಲೆಯ ಒಳಗಿದ್ರೆ ತೊಲೆ ಬಾಗುತ್ತೆ, ಬಿರುಕು ಬಿಡುತ್ತೆ. ಕೆಳಗಿರೋರು ನೋಡಿ ಆಚೆ ಓಡಬಹುದು. ಹೇಳಿ ಹೋಗೋ ಜಾತಿ."

ಎರಡನೆಯ ಕಂಬಿ ಬೇರೆ ಕಟ್ಟಿನದು. ಯಂತ್ರ ಎಳೆಯಿತು, ಮುಳ್ಳು ಏರಿತು, ಇನ್ನೂ ಅರ್ಧ ದಾರಿಯೂ ಹೋಗಿರಲಿಲ್ಲ, ಕಂಬಿ ಎರಡಾಯಿತು. ಮಣಿಯಲಿಲ್ಲ, ಉದ್ದವಾಗಲಿಲ್ಲ, ಕುತ್ತಿಗೆ ಸಣ್ಣಗಾಗಲಿಲ್ಲ. ಹರಿದ ಮುಖ ಚಾಕುವಿನಿಂದ ಕೊಯ್ದಂತೆ ಚಪ್ಪಟೆ, ಉಪ್ಪಿನ ಹರಳಿನ ಹಾಗೆ ಮಿಣಮಿಣ.

ಹುಡುಗರು ನಕ್ಕರು. ಅವಳು ನಗಲಿಲ್ಲ. ಯಂತ್ರದ್ದೇ ತಪ್ಪಿರಬಹುದು ಎಂದು ಮೊದಲ ಕಟ್ಟಿನ ಇನ್ನೊಂದು ತುಂಡನ್ನು ಎಳೆದಳು. ಅದು ಮುಂಚಿನಂತೆಯೇ ಮಣಿದು, ಉದ್ದವಾಗಿ, ಢಂ ಎಂದಿತು. ಮತ್ತೆ ಎರಡನೆಯ ಕಟ್ಟಿನದು. ಪಟ್ಟನೆ ಎರಡು ತುಂಡು. ಮತ್ತೊಂದು. ಮತ್ತೆ ಎರಡು ತುಂಡು.

"ಈ ಕಂಬಿ ಎಲ್ಲಿ ಹಾಕಿದ್ದಾರೆ?" ಎಂದು ಕೇಳಿದಳು.

"ಊಟದ ಹಾಲ್ ಚಾವಣಿಗೆ, ಮೇಡಂ" ಎಂದ ಏಣಿ. "ನಾಳೆ ಬೆಳಿಗ್ಗೆ ಕಾಂಕ್ರೀಟಂತೆ."

ಮುರಿದ ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ನೇರ ಸೈಟಿಗೆ ಹೋದಳು. ಅಲ್ಲಿನ ಇಂಜಿನಿಯರ್ ಅವಳ ಹಳೆಯ ವಿದ್ಯಾರ್ಥಿ. ಅವಳ ವಿಷಯದಲ್ಲೇ ನೂರಕ್ಕೆ ತೊಂಬತ್ತೆಂಟು ತೆಗೆದು ಫೋಟೋ ಹಾಕಿಸಿಕೊಂಡವನು. ಕಾಲೇಜಿನಲ್ಲಿ ಇವತ್ತಿಗೂ ಅವನಿಗೆ ತೊಂಬತ್ತೆಂಟು ಎಂದೇ ಹೆಸರು. ಹಳದಿ ಟೋಪಿ ತೆಗೆದು, "ಬನ್ನಿ ಮೇಡಂ" ಎಂದು ಕುರ್ಚಿ ಎಳೆದ. ಅವಳು ಕೂರಲಿಲ್ಲ. ತುಂಡುಗಳನ್ನು ಮೇಜಿನ ಮೇಲೆ ಸುರಿದಳು.

"ಏನಿದು?"

"ಕಂಬಿ, ಮೇಡಂ."

"ನೋಡಿದ್ರೆ ಏನನ್ನಿಸುತ್ತೆ?"

ಅವನು ತಿರುಗಿಸಿ ಮುರುಗಿಸಿ ನೋಡಿದ. "ಮುರಿದಿದೆ."

"ಹೇಗೆ ಮುರಿದಿದೆ ಅಂತ ಕೇಳ್ತಾ ಇದ್ದೀನಿ!"

ಅವನಿಗೆ ತಿಳಿಯಲಿಲ್ಲ. ಪರೀಕ್ಷೆಯಲ್ಲಿ ಬರೆದಿದ್ದ, ಚಿತ್ರವನ್ನೂ ಅಚ್ಚುಕಟ್ಟಾಗಿ ಬಿಡಿಸಿದ್ದ. ಕೈಯಲ್ಲಿ ಹಿಡಿದಾಗ ಮಾತ್ರ ಗುರುತು ಸಿಗಲಿಲ್ಲ. "ಪರೀಕ್ಷೆ ಆಗಿರೋ ಮಾಲು ಮೇಡಂ. ನಮ್ಮ ಸಾರೇ ಆಗಿದೆ ಅಂದ್ರು."

"ಯಾವ ಸಾರ್?"

ಅವನು ಕಾಲೇಜಿನ ಕಡೆ ಕೈ ತೋರಿಸಿದ. ಕಟ್ಟಡ ಸಮಿತಿಗೆ ಸಲಹೆ ಕೊಡುವವರು ಸೂತ್ರಧಾರಿಯೇ.

"ಯಾವ ಯಂತ್ರದಲ್ಲಿ ಮಾಡಿದ್ರಂತೆ? ಬೀಗ ಹಾಕಿಟ್ಟಿದ್ದ ಯಂತ್ರದಲ್ಲಾ?"

ಪ್ರಿನ್ಸಿಪಾಲರ ಕೋಣೆಯಲ್ಲಿ ಮಾತು ನಡೆದಾಗ ಸೂತ್ರಧಾರಿಯವರು ಸುಳ್ಳು ಹೇಳಲಿಲ್ಲ. ಅದು ಅವಳನ್ನು ಇನ್ನಷ್ಟು ಉರಿಸಿತು. "ಕಂಬಿ ಕಳಿಸಿದ್ರು, ನಿಜ. ನೋಡೋಕೆ ಚೆನ್ನಾಗೇ ಇತ್ತು. ಎಲ್ಲ ಕಂಬಿನೂ ಒಂದೇ ಥರ ಬರುತ್ತಲ್ಲಮ್ಮ? ಇಷ್ಟು ವರ್ಷದಲ್ಲಿ ನಾವು ಹೂಂ ಅಂದ ಯಾವ ಕಟ್ಟಡ ಬಿದ್ದಿದೆ ಹೇಳು."

ಅವರು ಲಂಚ ತಿಂದಿದ್ದರೆ ಅವಳಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ತಿನ್ನುವವನಿಗೆ ತಾನು ಮುಚ್ಚಿಡುತ್ತಿರುವುದು ಏನೆಂದಾದರೂ ಗೊತ್ತಿರುತ್ತದೆ. ಇವರು ಜೀವಮಾನವೆಲ್ಲ ಕಂಬಿಯ ಬಲದ ಸೂತ್ರ ಬರೆದರು. ಆ ಬಲ ಕಂಬಿಯಲ್ಲಿ ಇರದೆಯೂ ಹೋಗಬಹುದು ಎಂಬುದೇ ಅವರ ತಲೆಗೆ ಹೊಳೆದಿರಲಿಲ್ಲ.

"ಬೀಳದೇ ಇದ್ದದ್ದು ನಿಮ್ಮ ಪುಣ್ಯ ಸಾರ್, ನಿಮ್ಮ ವಿದ್ಯೆ ಅಲ್ಲ!" ಎಂದಳು. ದನಿ ಕಾರಿಡಾರಿಗೂ ಕೇಳಿಸಿತು.

ಪ್ರಿನ್ಸಿಪಾಲರು ಬೆರಳಿನಿಂದ ಹಣೆ ಒತ್ತಿಕೊಂಡು, ಸಮಿತಿಯವರಿಗೆ ತಿಳಿಸೋಣ, ಮುಂದಿನ ಸಭೆಯಲ್ಲಿ ಚರ್ಚಿಸೋಣ ಎಂದರು. ನಾಳೆ ಕಾಂಕ್ರೀಟ್ ಇದೆ ಎಂದು ಅವಳು ನೆನಪಿಸಿದಳು. ಆಗ ಅವರು ಬೀಗದ ವಿಷಯ ಎತ್ತಿದರು. ಸಂಸ್ಥೆಯ ಆಸ್ತಿ, ಅಪ್ಪಣೆ ಇಲ್ಲದೆ ಒಡೆದದ್ದು, ವಿದ್ಯಾರ್ಥಿಗಳ ಕೈಯಲ್ಲಿ ಒಡೆಸಿದ್ದು. ವಿಚಾರಣೆ ಮುಗಿಯುವ ತನಕ ಅವಳು ಕಾಲೇಜಿಗೆ ಬರಬೇಕಾಗಿಲ್ಲ ಎಂದರು.

ಮನೆಯಲ್ಲಿ ಅವಳು ಪಾತ್ರೆಗಳನ್ನು ಒಂದರ ಮೇಲೊಂದು ಕುಕ್ಕಿದಳು. ಗಂಡ ಹತ್ತಿರ ಬಂದು, "ಈಗೇನು ಮಾಡ್ತೀಯ?" ಎಂದ. "ಗೊತ್ತಿಲ್ಲ" ಎಂದಳು. ಅತ್ತೆ ತಟ್ಟೆಯ ಮುಂದೆ ಕೂತು, "ಬರಬೇಡ ಅಂದದ್ದು ಕಾಲೇಜಿಗೆ ತಾನೆ? ಕಟ್ಟಡಕ್ಕೆ ಬರಬೇಡ ಅಂದ್ರಾ?" ಎಂದು ಕೇಳಿದರು. ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

ಬೆಳಿಗ್ಗೆ ಕಾಂಕ್ರೀಟ್ ಲಾರಿ ಡ್ರಮ್ಮು ತಿರುಗಿಸುತ್ತ ಬಂದು ನಿಂತಾಗ, ಊಟದ ಹಾಲಿನ ಮೇಲೆ ಹಾಸಿದ್ದ ಕಂಬಿಬಲೆಯ ನಟ್ಟನಡುವೆ ಅವಳು ಕೂತಿದ್ದಳು. ಒಬ್ಬಳೇ ಬಂದಿದ್ದಳು. ಸ್ವಲ್ಪ ಹೊತ್ತಿಗೆ ಏಣಿಯೂ ಮೇಲೆ ಬಂದ. ಆಮೇಲೆ ಚಪ್ಪಾಳೆ ತಟ್ಟಿದ್ದ ಹುಡುಗಿ. ನೋಡನೋಡುತ್ತ ಸೊನ್ನೆ ಪಡೆದ ತರಗತಿ ಪೂರ್ತಿ ಬಲೆಯ ಮೇಲೆ ಕೂತಿತ್ತು. ಅವಳು ಅವರ ಮೇಲೂ ರೇಗಿದಳು: "ಯಾರ್ರೋ ಹೇಳಿದ್ದು ನಿಮಗೆ ಬರೋಕೆ? ಇಳೀರಿ!" ಒಬ್ಬರೂ ಇಳಿಯಲಿಲ್ಲ.

ಗುತ್ತಿಗೆದಾರ ಕೆಳಗಿನಿಂದ ಕೂಗಾಡಿದ. ಕಾಂಕ್ರೀಟ್ ಗಟ್ಟಿಯಾಗುತ್ತೆ, ಲಾರಿ ಹಾಳಾಗುತ್ತೆ, ಪೊಲೀಸರನ್ನು ಕರೆಸುತ್ತೇನೆ. "ಹಾಕೋದಾದ್ರೆ ನಮ್ಮ ಮೇಲೇ ಹಾಕಿ!" ಎಂದು ಅವಳು ಕೂಗಿದಳು. ಬಿಸಿಲಿಗೆ ಕಂಬಿ ಕಾಯತೊಡಗಿತ್ತು, ತೊಡೆ ಸುಡುತ್ತಿತ್ತು. ಏಳಬೇಕು ಅನ್ನಿಸಿದಾಗಲೆಲ್ಲ ಕೆಳಗಿನ ಹಾಲಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಹುಡುಗಿಯರು ಕಣ್ಣ ಮುಂದೆ ಬರುತ್ತಿದ್ದರು. ಸಿಟ್ಟು ಅವಳನ್ನು ಅಲ್ಲೇ ಕೂರಿಸುತ್ತಿತ್ತು.

ತೊಂಬತ್ತೆಂಟು ಮೇಲೆ ಹತ್ತಿ ಬಂದು ಕುಕ್ಕರುಗಾಲಿನಲ್ಲಿ ಕೂತ. "ಮೇಡಂ, ನನ್ನ ಕೆಲಸ ಹೋಗುತ್ತೆ."

"ಹೋಗಲಿ."

"ನಾನೇನು ಮಾಡ್ಲಿ ಹೇಳಿ?"

"ನಿನ್ನ ಕೈಯಿದೆ, ಕಣ್ಣಿದೆ, ಕೆಳಗೆ ಕಂಬಿ ಬಾಗಿಸೋ ಮೇಜಿದೆ. ನನ್ನ ಮಾತು ನಂಬಬೇಡ, ಸಾರ್ ಮಾತೂ ನಂಬಬೇಡ. ಹೋಗಿ ಒಂದು ಕಂಬಿ ಬಾಗಿಸು."

ಆ ಕಟ್ಟಿನ ಕಂಬಿಗಳನ್ನು ನೇರವಾಗಿಯೇ ಹಾಸಿದ್ದರಿಂದ ಅವನ್ನು ಬಾಗಿಸುವ ಪ್ರಸಂಗವೇ ಬಂದಿರಲಿಲ್ಲ. ಅವನು ಕೆಳಗಿಳಿದ. ಒಂದು ಉದ್ದ ತುಂಡನ್ನು ಮೇಜಿನ ಗೂಟಗಳ ನಡುವೆ ಸಿಕ್ಕಿಸಿ, ತಾನೇ ಸನ್ನೆಕೋಲು ಹಾಕಿ ಎಳೆದ. ಕಂಬಿ ತುಸು ಬಾಗಿದ್ದಷ್ಟೇ. ಒಣಕಟ್ಟಿಗೆಯ ಹಾಗೆ ಲಟಕ್ಕೆಂದು ಮುರಿದು ಒಂದು ತುಂಡು ಅವನ ಮಂಡಿಗೆ ಬಡಿಯಿತು. ಮೇಲಿಂದ ಎಲ್ಲರೂ ನೋಡುತ್ತಿದ್ದರು. ಅವನು ಮಂಡಿ ಉಜ್ಜಿಕೊಂಡು ಇನ್ನೊಂದನ್ನು ಸಿಕ್ಕಿಸಿದ. ಅದೂ ಮುರಿಯಿತು. ಮೂರನೆಯದನ್ನು ಎತ್ತಿಕೊಂಡವನು ಬಾಗಿಸದೆ ಸುಮ್ಮನೆ ಕೈಯಲ್ಲಿ ಹಿಡಿದು ನಿಂತ.

"ಲಾರಿ ವಾಪಸ್ ಕಳಿಸಿ" ಎಂದ ಗುತ್ತಿಗೆದಾರನಿಗೆ.

"ಏನ್ ಸಾರ್ ನೀವೂ..."

"ಕಳಿಸಿ ಅಂದೆ! ಮೇಲಿನ ಬಲೆ ಪೂರ್ತಿ ಬಿಚ್ಚಿಸ್ತೀನಿ."

ಬಲೆ ಬಿಚ್ಚಿದರು. ಆದರೆ ಕತೆ ಅಲ್ಲಿಗೆ ಸುಖವಾಗಿ ಮುಗಿಯಿತು ಅಂದುಕೊಳ್ಳಬೇಡಿ. ಗುತ್ತಿಗೆದಾರ ಆ ಕಂಬಿಗಳನ್ನು ಲಾರಿಗೆ ತುಂಬಿಸುತ್ತಿದ್ದಾಗ, ಎಲ್ಲಿಗೆ ಒಯ್ಯುತ್ತೀರಿ ಎಂದು ಅವಳು ಕೇಳಿದಳು. "ನನ್ನ ಮಾಲು, ನನ್ನಿಷ್ಟ" ಎಂದ. ಬೇರೆ ಯಾರದ್ದೋ ಚಾವಣಿಗೆ ಎಂದು ಅವಳಿಗೆ ಅರ್ಥವಾಯಿತು. ಅವಳು ಲಾರಿಗೆ ಅಡ್ಡ ನಿಂತಳು. ತೊಂಬತ್ತೆಂಟು ಕಂಬಿ ಕತ್ತರಿಸುವ ಯಂತ್ರ ಶುರು ಮಾಡಿಸಿದ. ಸಂಜೆಯ ತನಕ ಹುಡುಗರು ಆ ಕಂಬಿಗಳನ್ನು ಮೊಳದುದ್ದ ತುಂಡುಗಳಾಗಿ ಕತ್ತರಿಸಿ ಯಾವ ಕಟ್ಟಡಕ್ಕೂ ಬಾರದ ಹಾಗೆ ಮಾಡಿದರು. ಅಷ್ಟರೊಳಗೆ ಕಂಬಿ ತುಂಬಿದ ಇನ್ನೊಂದು ಲಾರಿ ಹಿಂದಿನ ಗೇಟಿನಿಂದ ಹೊರಟುಹೋಗಿತ್ತು. ಅದು ಎಲ್ಲಿಗೆ ಹೋಯಿತೋ ಯಾರೂ ಹೇಳಲಿಲ್ಲ. ಅವಳು ಠಾಣೆಗೆ ಹೋದಳು, ನಗರಸಭೆಯ ಕಚೇರಿಗೆ ಹೋದಳು. ಎಲ್ಲೆಡೆ ಕುರ್ಚಿ ಕೊಟ್ಟರು, ನೀರು ಕೊಟ್ಟರು, ಉತ್ತರ ಕೊಡಲಿಲ್ಲ.

ಕಾಲೇಜು ವಿಚಾರಣೆ ಮುಗಿಸಿ ಅವಳನ್ನು ತೆಗೆದುಹಾಕಿತು. ಕಾರಣ, ಬೀಗ. ಸೂತ್ರಧಾರಿಯವರು ನಿವೃತ್ತಿಯ ದಿನ ಶಾಲು ಹೊದಿಸಿಕೊಂಡರು. ಅದಕ್ಕೆ ಮುಂಚೆ ಒಮ್ಮೆ ದಾರಿಯಲ್ಲಿ ಸಿಕ್ಕಿ, "ನಿನ್ನದು ಸರಿಯಿತ್ತಮ್ಮ, ಆದರೆ ಹೇಳೋ ರೀತಿ ಇದೆಯಲ್ಲ..." ಎಂದು ಶುರು ಮಾಡಿದರು. ಅವಳು ಪೂರ್ತಿ ಕೇಳಿಸಿಕೊಳ್ಳದೆ ರಸ್ತೆ ದಾಟಿದಳು. ಹಾಸ್ಟೆಲ್ ಒಳ್ಳೆಯ ಕಂಬಿಯಲ್ಲೇ ಎದ್ದಿತು. ಉದ್ಘಾಟನೆಗೆ ಅವಳನ್ನು ಕರೆಯಲಿಲ್ಲ.

ಕೆಲಸವಿಲ್ಲದೆ ಮನೆಯಲ್ಲಿದ್ದ ದಿನಗಳಲ್ಲಿ ಒಂದು ಭಾನುವಾರ ಬಾಗಿಲು ಬಡಿದ ಸದ್ದಾಯಿತು. ತೊಂಬತ್ತೆಂಟು ನಿಂತಿದ್ದ. ಅವನ ಕೆಲಸವೂ ಹೋಗಿ, ಬೇರೆ ಕಡೆ ಸೇರಿದ್ದ. ಚಪ್ಪಲಿ ಬಿಟ್ಟು ಒಳಗೆ ಬಂದು, ತಲೆ ತಗ್ಗಿಸಿಕೊಂಡೇ ಹೇಳಿದ: "ಮೇಡಂ, ನನಗೆ ಮೊದಲಿಂದ ಹೇಳಿಕೊಡ್ತೀರಾ?"

"ಅಷ್ಟು ಅಂಕ ತಗೊಂಡೋನಿಗೆ ನಾನೇನು ಹೇಳಿಕೊಡ್ಲಿ?"

"ಬೈಯಿರಿ ಮೇಡಂ. ಆದ್ರೆ ಹೇಳಿಕೊಡಿ. ಸೈಟಲ್ಲಿ ಸಹಿ ಹಾಕೋವಾಗ ಕೈ ಓಡ್ತಾ ಇಲ್ಲ."

ಅವಳು ಬೈದಳು. ಬಹಳ ಹೊತ್ತು ಬೈದಳು. ಅವನನ್ನು, ಅವನಿಗೆ ಅಂಕ ಕೊಟ್ಟ ತನ್ನನ್ನು, ಕೊಡಿಸಿದ ಕಾಲೇಜನ್ನು. ಅತ್ತೆ ಮಧ್ಯದಲ್ಲಿ ಬಂದು ಟೀ ಇಟ್ಟು ಹೋದರು. ಕೊನೆಗೆ ಅವಳು ಊಟದ ಮೇಜಿನ ಎದುರು ಕೂತು, ಅವನಿಗೂ ಕೂರಲು ಹೇಳಿದಳು.

"ನೀನು ಕೂತಿರೋ ಕುರ್ಚಿ ಈಗ ಏನು ಮಾಡ್ತಾ ಇದೆ?"

"ಕುರ್ಚಿಯ ಕಾಲಿನ ಮೇಲಿನ ಒತ್ತಡ ಅಂದ್ರೆ, ಭಾರವನ್ನ ವಿಸ್ತೀರ್ಣದಿಂದ ಭಾಗಿಸಿದ್ರೆ..."

"ಸೂತ್ರ ಬೇಡ!" ಎಂದು ಅವಳು ಮೇಜು ಗುದ್ದಿದಳು. ಲೋಟದ ಟೀ ತುಳುಕಿತು. "ಕುರ್ಚಿ ಏನು ಮಾಡ್ತಾ ಇದೆ ಅಂತ ಕೇಳಿದೆ."

ಅವನು ನೋಡಲೆಂದು ಎದ್ದ.

"ಏಳಬೇಡ. ಕೂತೇ ಹೇಳು."

ಅವನು ಕೂತ. ಮೈ ಅತ್ತಿತ್ತ ವಾಲಿಸಿದ. ಕುರ್ಚಿ ಕಿರ್ರೆಂದಿತು. ಇನ್ನೊಂದು ಕಡೆ ವಾಲಿದ. ಹಣೆಯಲ್ಲಿ ಗೆರೆ ಮೂಡಿತು. ಅಡುಗೆಮನೆಯಿಂದ ಅತ್ತೆ, "ಸ್ವಲ್ಪ ಮೆಲ್ಲಗೆ ಹೇಳಿಕೊಡಮ್ಮ, ಹುಡುಗ ಹೆದರಿದ್ದಾನೆ" ಎಂದರು.

"ಮೆಲ್ಲಗೆ ಹೇಳಿಕೊಟ್ಟದ್ದು ಸಾಕು ಅತ್ತೆ" ಎಂದು ಅವಳು ಅವನ ಮುಖವನ್ನೇ ನೋಡುತ್ತ ಉತ್ತರಕ್ಕಾಗಿ ಕಾದಳು.